ಹಳೆಯ ಪರದೆಗಳ ಟಾರ್ಚ್ ಮೇಷ್ಟ್ರು

ಕಂಪ್ಯೂಟರ್ ಲೋಕದಲ್ಲಿ ಹೊಸದನ್ನು ಕಟ್ಟಿದವರನ್ನು ಎಲ್ಲರೂ ಬಲ್ಲರು; ಕಟ್ಟಿದ್ದು ಹಳತಾದ ಮೇಲೂ ಅದು ನಿಂತುಹೋಗದಂತೆ ನೋಡಿಕೊಂಡವರನ್ನು ಬಲ್ಲವರು ಕಡಿಮೆ. ಈ ಎರಡನೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲತಕ್ಕವರು, ಕಳೆದ ಬೇಸಿಗೆಯಲ್ಲಿ ಪಾಲಿಟೆಕ್ನಿಕ್‌ನ ಕಂಪ್ಯೂಟರ್ ಪ್ರಯೋಗಾಲಯದ ಮೇಲ್ವಿಚಾರಕ ಹುದ್ದೆಯಿಂದ ನಿವೃತ್ತರಾದ ನಮ್ಮ ಹಿರಿಯರು, ನಾವೆಲ್ಲ ಪ್ರೀತಿಯಿಂದ ಟಾರ್ಚ್ ಮೇಷ್ಟ್ರು ಎಂದು ಕರೆಯುವವರು. ಹಳೆಯ ಲ್ಯಾಪ್‌ಟಾಪುಗಳ ಗ್ರಾಫಿಕ್ಸ್ ಡ್ರೈವರನ್ನು ಅವರು ತಮ್ಮ ನೌಕರಿಯ ಜೊತೆಜೊತೆಗೇ, ಯಾರೂ ಹೇಳದೆ, ಯಾರಿಂದಲೂ ಏನನ್ನೂ ಪಡೆಯದೆ, ಸೇವೆಯ ಕಡೆಯ ದಿನದವರೆಗೂ ನೋಡಿಕೊಂಡು ಬಂದರು.

ಆ ಕೆಲಸ ಏನೆಂದು ಗೊತ್ತಿಲ್ಲದವರಿಗಾಗಿ ಎರಡು ಮಾತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ಗೆರೆ ಮೂಡಬೇಕಾದರೂ ಒಳಗಿನ ಗ್ರಾಫಿಕ್ಸ್ ಚಿಪ್ಪಿಗೆ ಅರ್ಥವಾಗುವ ಹಾಗೆ ಯಾರಾದರೂ ಹೇಳಬೇಕು. ಹಾಗೆ ಹೇಳುವ ಪ್ರೋಗ್ರಾಮೇ ಡ್ರೈವರ್. ಚಿಪ್ಪು ಮಾಡಿದ ಕಂಪನಿ ಕೆಲವು ವರ್ಷ ಅದನ್ನು ತಿದ್ದಿ ಕೊಡುತ್ತದೆ, ಆಮೇಲೆ ಕೈ ತೊಳೆದುಕೊಳ್ಳುತ್ತದೆ. ಯಂತ್ರ ಗಟ್ಟಿಮುಟ್ಟಾಗಿಯೇ ಇರುತ್ತದೆ. ಆದರೆ ಅದನ್ನು ನಡೆಸುವ ಕಾರ್ಯಾಚರಣೆ ವ್ಯವಸ್ಥೆಯ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ, ಹೊಸ ಆವೃತ್ತಿ ಹಾಕಿದ ದಿನ ಪರದೆ ಮುನಿಸಿಕೊಳ್ಳುತ್ತದೆ, ಅಂಗಡಿಯವನು ಹೊಸದು ಕೊಳ್ಳಿ ಎನ್ನುತ್ತಾನೆ. ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ಕಾರ್ಯಾಚರಣೆ ವ್ಯವಸ್ಥೆಗಳಲ್ಲಿ ಮಾತ್ರ ಇಂಥ ಯಂತ್ರಗಳಿಗೆ ಇನ್ನೂ ಒಂದು ದಿಕ್ಕು ಇರುತ್ತದೆ. ಆ ದಿಕ್ಕು ಅಂದರೆ ಎಲ್ಲೋ ಕುಳಿತು, ಬೇಸರವಿಲ್ಲದೆ ಆ ಕೋಡನ್ನು ಕಾಯುವ ಒಬ್ಬ ಮನುಷ್ಯ.

ಈ ಅಭಿನಂದನಾ ಸಂಪುಟದ ಉಳಿದ ಲೇಖಕರು ಮೇಷ್ಟ್ರ ಸಹೋದ್ಯೋಗಿಗಳು, ಶಿಷ್ಯರು. ನಾನು ಲ್ಯಾಪ್‌ಟಾಪ್ ರಿಪೇರಿ ಮಾಡುವವನು. ನನ್ನ ಓದು ಹಳ್ಳಿಯ ಶಾಲೆಗೇ ಮುಗಿಯಿತು. ಮೇಷ್ಟ್ರ ಕೈಕೆಳಗೆ ನಾನು ಕಲಿತವನಲ್ಲ, ಅವರ ಜೊತೆ ಜಗಳ ಆಡಿದವನು. ಸಂಪಾದಕರಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬರೆಯಿರಿ ಎಂದಿದ್ದಾರೆ. ಆದ್ದರಿಂದ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ನನ್ನ ಅಕ್ಕ ಒಂದು ಹೊಲಿಗೆ ಶಾಲೆ ನಡೆಸುತ್ತಾಳೆ. ಬಟ್ಟೆ ಕತ್ತರಿಸುವ ಮೊದಲು ಅಂಗಿಯ ತೋಳು, ಕತ್ತು, ಎದೆಯ ಭಾಗಗಳ ನಕ್ಷೆಯನ್ನು ಪರದೆಯ ಮೇಲೆ ಬರೆಯುವುದನ್ನು ಅಲ್ಲಿ ಕಲಿಸುತ್ತಾರೆ. ಗಾರ್ಮೆಂಟ್ ಕಾರ್ಖಾನೆಗಳು ಈಗ ಬರೀ ಹೊಲಿಗೆ ಬಂದವರಿಗೆ ಕೆಳಗಿನ ಮಹಡಿಯ ಕೆಲಸ ಕೊಡುತ್ತವೆ, ನಕ್ಷೆ ಬರೆಯಲು ಬಂದವರನ್ನು ಮೇಲಿನ ಕೋಣೆಗೆ ಕಳುಹಿಸುತ್ತವೆ. ಅಕ್ಕನ ಶಾಲೆಗೆ ಬರುವ ಹೆಂಗಸರು ಬರುವುದೇ ಆ ಮೇಲಿನ ಕೋಣೆಗಾಗಿ. ಕಲಿಯುವುದಕ್ಕೆ ಇದ್ದದ್ದು ಆಫೀಸುಗಳು ಬೇಡವೆಂದು ಬಿಟ್ಟ ಲ್ಯಾಪ್‌ಟಾಪುಗಳು, ಎಲ್ಲವೂ ಒಂದೇ ಮಾದರಿಯವು. ನಾನೇ ಆರಿಸಿ, ಒರೆಸಿ, ಮುಕ್ತ ವ್ಯವಸ್ಥೆ ಹಾಕಿ ಕೊಟ್ಟಿದ್ದೆ. ಅವು ಹೊತ್ತಿಕೊಂಡರೆ ಶಾಲೆ; ಇಲ್ಲದಿದ್ದರೆ ಗುಂಡಿ ಹಾಕುವುದನ್ನು ಕಲಿಸುವ ಒಂದು ಕೋಣೆ.

ಒಂದು ಬೆಳಿಗ್ಗೆ ಅವೆಲ್ಲ ಒಟ್ಟಿಗೆ ಕಪ್ಪಾದವು. ಹಿಂದಿನ ದಿನ ನಾನು ಹೊಸ ಆವೃತ್ತಿ ಹಾಕಿದ್ದೆ. ಫ್ಯಾನು ತಿರುಗುತ್ತಿದೆ, ಒತ್ತಿದರೆ ಕೀಲಿಗಳ ದೀಪ ಮಿನುಗುತ್ತಿದೆ, ಪರದೆ ಮಾತ್ರ ಹಲಗೆಯ ಹಾಗೆ ಕಪ್ಪು. ಹೆಂಗಸರು ಟೇಪು ಕೊರಳಿಗೆ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಅಕ್ಕ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವ ಹಾಗಿಲ್ಲ. ಡ್ರೈವರಿನ ದೂರುಗಳನ್ನು ಬರೆಯುವ ಜಾಲಪುಟಕ್ಕೆ ಹೋಗಿ, ಈ ಕೆಲಸ ಮಾಡಿದವನ ತಲೆಯಲ್ಲಿ ಏನು ತುಂಬಿದೆ ಎಂದು ನೇರವಾಗಿ ಕೇಳಿದೆ. ಕೆಳಗೆ ನನ್ನ ಫೋನ್ ನಂಬರನ್ನೂ ಬರೆದೆ, ಧೈರ್ಯವಿದ್ದರೆ ಮಾತನಾಡಲಿ ಎಂದು.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಮೆಲುದನಿಯ ಗಂಡಸು.

"ಆ ಕೆಲಸ ಮಾಡಿದವನು ನಾನೇ. ನಿಮ್ಮ ಹತ್ರ ಟಾರ್ಚ್ ಇದೆಯಾ?"

"ಟಾರ್ಚ್ ಯಾಕ್ರೀ? ಮಟಮಟ ಮಧ್ಯಾಹ್ನ!"

"ಪರದೆ ಪಕ್ಕದಿಂದ ಓರೆಯಾಗಿ ಹಿಡೀರಿ. ಹತ್ರದಿಂದ ನೋಡಿ. ಏನಾದ್ರೂ ಕಾಣುತ್ತಾ?"

ಹಿಡಿದೆ. ಕಪ್ಪಿನ ಒಳಗೆ ಮಸುಕಾಗಿ, ಬಾವಿಯ ತಳದಲ್ಲಿ ಬಿದ್ದ ಕಾಗದದ ಹಾಗೆ, ನಕ್ಷೆಯ ಗೆರೆಗಳು ಕಂಡವು. ಯಂತ್ರ ಸತ್ತಿರಲಿಲ್ಲ. ಚಿತ್ರ ಮೂಡಿತ್ತು, ಅದರ ಹಿಂದಿನ ಬೆಳಕು ಮಾತ್ರ ಆರಿತ್ತು.

"ಕಾಣ್ತಿದೆ" ಎಂದೆ.

"ಸರಿ. ಈಗ ಬೆಳಕು ಕಮ್ಮಿ ಮಾಡೋ ಕೀಲಿ ಒತ್ತುತ್ತಾ ಹೋಗಿ."

"ಕಮ್ಮಿ ಮಾಡೋದಾ? ಇರೋದೇ ಇಲ್ಲ, ಇನ್ನೇನು ಕಮ್ಮಿ ಮಾಡ್ಲಿ?"

"ನನ್ನನ್ನ ಆಮೇಲೆ ಬೈಯಿರಿ. ಮೊದಲು ಒತ್ತಿ."

ಒತ್ತಿದೆ. ಕಮ್ಮಿ ಮಾಡಿದಷ್ಟೂ ಪರದೆ ಬೆಳಗಿತು. ಹೆಂಗಸರು ಹೋ ಎಂದು ಕೂಗಿದರು. ಆ ಮಾದರಿಯನ್ನು ಕಟ್ಟಿದವರು ಬೆಳಕಿನ ಹಿಡಿತವನ್ನು ತಲೆಕೆಳಗಾಗಿ ಜೋಡಿಸಿಬಿಟ್ಟಿದ್ದರು. ಪೂರ್ತಿ ಎಂದರೆ ಕತ್ತಲೆ, ಸೊನ್ನೆ ಎಂದರೆ ಬೆಳಕು. ಹಳೆಯ ಆವೃತ್ತಿ ಆ ಹಿಡಿತವನ್ನು ಯಂತ್ರಕ್ಕೇ ಬಿಟ್ಟಿತ್ತು. ಹೊಸದರಲ್ಲಿ ಡ್ರೈವರೇ ಅದನ್ನು ಕೈಗೆ ತೆಗೆದುಕೊಂಡು, ಒಳ್ಳೆಯ ಮನಸ್ಸಿನಿಂದ, ಪೂರ್ತಿ ಬೆಳಕು ಕೊಟ್ಟಿತ್ತು.

"ಇದೇ ಮಾಡೆಲ್ ನಿಮ್ಮ ಹತ್ರ ಇಲ್ವಾ? ನೋಡದೇ ಹಾಕಿದ್ರಾ?" ಎಂದು ಕೇಳಿದೆ.

"ಇದೆ. ನೋಡೇ ಹಾಕಿದ್ದು" ಎಂದು ಒಪ್ಪಿಕೊಂಡರು. "ನನಗೆ ಜಾಸ್ತಿ ಬೆಳಕು ಆಗಿಬರಲ್ಲ, ಕಣ್ಣಲ್ಲಿ ನೀರು ಬರುತ್ತೆ. ನನ್ನ ಪರದೆ ಯಾವಾಗ್ಲೂ ಅರ್ಧದಲ್ಲಿರುತ್ತೆ. ಅರ್ಧವನ್ನ ತಲೆಕೆಳಗೆ ಮಾಡಿದ್ರೂ ಅರ್ಧಾನೇ ಅಲ್ವಾ."

ನಾನು ಬೈಯಲು ಬಾಯಿ ತೆರೆದವನು ನಕ್ಕುಬಿಟ್ಟೆ. ಇಂಥ ತಪ್ಪನ್ನು ಜಗತ್ತಿನಲ್ಲಿ ಈ ಒಬ್ಬ ಮನುಷ್ಯನೇ ಮಾಡಲು ಸಾಧ್ಯವಿತ್ತು. ಅಂದಿನಿಂದ ಅವರ ಪ್ರಯೋಗಾಲಯದಲ್ಲಿ ಯಾವುದನ್ನೇ ಪರೀಕ್ಷಿಸಿದರೂ ತೀರಾ ಹೆಚ್ಚು, ತೀರಾ ಕಡಿಮೆ ಎರಡು ತುದಿಗಳಲ್ಲೂ ನೋಡುವ ಪದ್ಧತಿ ಬಂತು. ನಡುವೆ ನಿಂತು ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ ಎಂದು ಅವರು ಹುಡುಗರಿಗೆ ಪಾಠ ಹೇಳುವಾಗ ತಮ್ಮ ಕಥೆಯನ್ನೇ ಹೇಳುತ್ತಿದ್ದರು, ಹೆಸರು ಮರೆಸದೆ. ಅವರಿಗೆ ಟಾರ್ಚ್ ಮೇಷ್ಟ್ರು ಎಂಬ ಹೆಸರು ಇಟ್ಟವರು ಅಕ್ಕನ ಶಾಲೆಯ ಹೆಂಗಸರು.

ಆಮೇಲಿನ ವರ್ಷಗಳಲ್ಲಿ ಅವರಿಂದ ಆದ ಉಪಕಾರಗಳನ್ನು ಹೇಗೆ ಬರೆಯಲಿ? ಒಂದು ಯಂತ್ರದ ಪರದೆ ನಡುಗುತ್ತಿದೆ ಎಂದರೆ ಆಜ್ಞೆಗಳನ್ನು ಫೋನಿನಲ್ಲಿ ಅಕ್ಷರ ಅಕ್ಷರವಾಗಿ ಓದಿ ಹೇಳುತ್ತಿದ್ದರು. ನಾನು ತಪ್ಪು ಒತ್ತಿ ಸಿಟ್ಟು ಮಾಡಿಕೊಂಡರೆ, ಸಿಟ್ಟು ಇಳಿಯುವವರೆಗೆ ಕಾದು, ನಿಂತ ಅಕ್ಷರದಿಂದಲೇ ಮುಂದುವರಿಸುತ್ತಿದ್ದರು. "ಅನ್ನಿಸಿದ್ದು ಬೇಡ, ಕಂಡದ್ದು ಹೇಳಿ" ಎನ್ನುವುದು ಅವರ ಮಾತು. ತಿದ್ದುಪಡಿಯ ಜೊತೆಗೆ ಅದನ್ನು ಪರೀಕ್ಷಿಸಿದವರ ಹೆಸರನ್ನು ಬರೆಯುವುದು ಆ ಕೆಲಸದಲ್ಲಿ ರೂಢಿ. ಎಷ್ಟೋ ಜನ ಅಲ್ಲಿ ತಮ್ಮ ಹೆಸರನ್ನೇ ಹಾಕಿಕೊಳ್ಳುತ್ತಾರೆ. ಇವರು ಯಾರ ಕಣ್ಣು ನಿಜವಾಗಿ ಪರದೆಯ ಮೇಲಿತ್ತೋ ಅವರ ಹೆಸರನ್ನೇ ಹಾಕಿದರು. ಹೀಗೆ ಕಾಜಾ ಹೊಲಿಯುವ ಹೆಂಗಸರ ಹೆಸರುಗಳು ಪ್ರಪಂಚದ ಎಲ್ಲೆಡೆ ಹಂಚಿಹೋಗುವ ಕೋಡಿನ ಜೊತೆಗೆ ಸೇರಿದವು. ಅವರಲ್ಲೊಬ್ಬಳು ಅದನ್ನು ಗಂಡನಿಗೆ ತೋರಿಸಿ, "ನಿಮ್ಮ ಹೆಸರು ಎಲ್ಲಿದೆ ತೋರ್ಸಿ ನೋಡೋಣ" ಎಂದು ಕೇಳಿದಳಂತೆ.

ಇನ್ನು ನಮ್ಮ ದೊಡ್ಡ ಜಗಳಕ್ಕೆ ಬರುತ್ತೇನೆ. ಅದನ್ನು ಬಿಟ್ಟರೆ ಈ ಲೇಖನ ಬರೀ ಹಾರ ತುರಾಯಿ ಆಗುತ್ತದೆ.

ಮೇಷ್ಟ್ರ ನಿವೃತ್ತಿಗೆ ಒಂದು ವರ್ಷ ಇರುವಾಗ, ಹಳೆಯ ಚಿಪ್ಪುಗಳ ಡ್ರೈವರನ್ನು ಮುಖ್ಯ ವ್ಯವಸ್ಥೆಯಿಂದ ತೆಗೆದುಹಾಕುವ ಪ್ರಸ್ತಾಪ ಅದನ್ನು ನಡೆಸುವ ತಂಡದಲ್ಲಿ ಬಂತು. ತೆಗೆದರೆ ಮುಂದಿನ ಆವೃತ್ತಿಯಲ್ಲಿ ಅಕ್ಕನ ಶಾಲೆಯ ಪರದೆಗಳು ಹೊತ್ತುವುದಿಲ್ಲ. ಹಳೆಯ ಆವೃತ್ತಿಯಲ್ಲೇ ಉಳಿಯೋಣವೆಂದರೆ ನಕ್ಷೆಯ ಪ್ರೋಗ್ರಾಮು ಹೊಸದಾದಾಗ ಅದರ ಮೇಲೆ ನಡೆಯುವುದಿಲ್ಲ. ಮೇಷ್ಟ್ರು ಎದ್ದು ನಿಂತು ಬೇಡ ಎನ್ನುತ್ತಾರೆ ಎಂದು ನಾನು ನಿಶ್ಚಿಂತೆಯಿಂದಿದ್ದೆ. ಅವರು ತೆಗೆಯಿರಿ ಎಂದು ಬರೆದರು. ತಾವು ನಿವೃತ್ತರಾದ ಮೇಲೆ ಇದನ್ನು ನೋಡುವವರಿಲ್ಲ, ನೋಡುವವರಿಲ್ಲದ್ದಕ್ಕೆ ಬೆಂಬಲವಿದೆ ಎಂದು ಹೇಳುವುದು ಸುಳ್ಳು, ಎಂಬುದು ಅವರ ವಾದ.

ಅಂದೇ ಪಾಲಿಟೆಕ್ನಿಕ್‌ಗೆ ಹೋದೆ. ಪ್ರಯೋಗಾಲಯದ ಉದ್ದನೆಯ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪುಗಳು ಬಾಯಿ ತೆರೆದುಕೊಂಡು ಸಾಲಾಗಿ ಕೂತಿದ್ದವು. ಕೆಲವಕ್ಕೆ ಕೀಲಿಗಳಿರಲಿಲ್ಲ, ಕೆಲವಕ್ಕೆ ಕೀಲು ಮುರಿದು ಬೆನ್ನಿಗೆ ಇಟ್ಟಿಗೆ ಕೊಟ್ಟಿತ್ತು. ಮೇಷ್ಟ್ರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

"ಕೂತ್ಕೊಳ್ಳಿ."

"ಕೂರಕ್ಕೆ ಬಂದಿಲ್ಲ. ಮನೆ ಕಾಯೋರೇ ಬೆಂಕಿ ಇಡ್ತಾರಾ?"

"ನಾನು ಕಾಯೋದು ಬಿಡ್ತಾ ಇದ್ದೀನಲ್ಲ. ಅದಕ್ಕೇ."

"ಬಿಡ್ರಿ. ಅದರ ಪಾಡಿಗೆ ಅದು ಇರುತ್ತೆ. ಯಾಕೆ ತೆಗೀಬೇಕು?"

"ಇರಲ್ಲ. ಸುತ್ತ ಇರೋದೆಲ್ಲ ಬದಲಾಗ್ತಾ ಹೋಗುತ್ತೆ. ಇದು ಒಳಗೊಳಗೇ ಕೆಡುತ್ತೆ. ಒಂದಿನ ಪರೀಕ್ಷೆ ನಡೀತಾ ಇರೋವಾಗ ಕೈಕೊಡುತ್ತೆ. ಆವತ್ತು ನಿಮ್ಮಕ್ಕ ಯಾರನ್ನ ಕೇಳ್ತಾರೆ?"

"ಬೇರೆಯವರಿಗೆ ಕಲಿಸಿ."

"ಕಲಿಸಕ್ಕೆ ನೋಡಿದೆ. ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಬಂದಳು, ಒಳ್ಳೇ ಕೆಲಸಗಾರ್ತಿ. ಕೋಡಿನ ರಾಶಿ ನೋಡಿದಳು. ಸರ್, ನನಗೆ ಮನೆ ಇದೆ, ಮಕ್ಕಳಿದ್ದಾರೆ, ಇಷ್ಟನ್ನ ಹೊರಕ್ಕಾಗಲ್ಲ ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ?"

ನಾನು ಇನ್ನೂ ಏನೇನೋ ಅಂದೆ. ಬಾಗಿಲ ಬಳಿ ವಿದ್ಯಾರ್ಥಿಗಳು ಗುಂಪು ಕೂಡುವಷ್ಟು ಜೋರಾಗಿ ಅಂದೆ. ಅಂದದ್ದರಲ್ಲಿ ಹಿಂತೆಗೆದುಕೊಳ್ಳುವಂಥದ್ದು ಏನೂ ಇಲ್ಲ ಎಂದೇ ಇವತ್ತಿಗೂ ನನ್ನ ಎಣಿಕೆ. ನಂಬಿ ಕುಳಿತವರಿಗೆ ಒಂದು ಮಾತು ಕೇಳದೆ ಇಂಥ ತೀರ್ಮಾನ ಮಾಡಬಾರದು. ಅವರು ಎಲ್ಲವನ್ನೂ ಕೇಳಿ, ಕನ್ನಡಕ ಇಳಿಸಿಕೊಂಡು ಕೆಲಸಕ್ಕೆ ಕೂತರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅಕ್ಕ ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕೇಳಿದಳು.

"ಕೂಗಾಡಿ ಬಂದ್ಯಾ?"

"ಮತ್ತೆ? ಆರತಿ ಎತ್ತಲಾ?"

"ಅವರು ನಮ್ಮ ಶಾಲೆ ನೋಡಿದ್ದಾರಾ?"

"ಇಲ್ಲ."

"ಮತ್ತೆ ಏನು ಉಳಿಸ್ಬೇಕು ಅಂತ ಅವರಿಗೆ ಹೇಗೋ ಗೊತ್ತಾಗುತ್ತೆ? ಕರ್ಕೊಂಡು ಬಾ. ದಾರೀಲಿ ಬಾಯಿ ಮುಚ್ಕೊಂಡಿರು."

ಕರೆದರೆ ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಬಂದರು. ನಾನು ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡಿದ್ದೆ, ಅವರೂ ಮುಚ್ಚಿಕೊಂಡಿದ್ದರು. ಇಸ್ತ್ರಿ ಮೇಜಿನ ಪಕ್ಕದ ಬೆಂಚಿನಲ್ಲಿ ಕೂತು ತರಗತಿ ಮುಗಿಯುವವರೆಗೆ ಪರದೆಗಳನ್ನೇ ನೋಡಿದರು. ಇಷ್ಟು ವರ್ಷ ಫೋನಿನಲ್ಲಿ ಕೇಳಿ ಕೇಳಿ ನೋಡಿದ್ದ ಕೋಣೆಯನ್ನು ಅವರು ಮೊದಲ ಸಲ ಕಣ್ಣಾರೆ ನೋಡುತ್ತಿದ್ದರು. ಹೆಂಗಸರು ಗೆರೆ ಎಳೆಯುತ್ತಿದ್ದರು, ತೋಳಿನ ಬಾಗು ತಿದ್ದುತ್ತಿದ್ದರು, ಅಳತೆ ಬದಲಾಯಿಸಿ ಮತ್ತೆ ನೋಡುತ್ತಿದ್ದರು. ಅಷ್ಟೇ. ಬೇರೇನೂ ಇಲ್ಲ.

"ಇದರಲ್ಲಿ ಸಿನಿಮಾ ಗಿನಿಮಾ ನೋಡ್ತೀರಾ?" ಎಂದು ಹತ್ತಿರದವಳನ್ನು ಕೇಳಿದರು.

"ಮೇಡಂ ಕೈಲಿ ಕತ್ತರಿ ಇರುತ್ತೆ ಸಾರ್" ಎಂದಳು ಅವಳು. ಕೋಣೆಯೆಲ್ಲ ನಕ್ಕಿತು.

ಅಕ್ಕ ಆಗ ಕತ್ತರಿಸುವ ಮೇಜಿನ ಮೇಲೆ ದೊಡ್ಡವರ ಹಳೆಯ ಅಂಗಿಯೊಂದನ್ನು ಹರಡಿಕೊಂಡು, ಅದರಲ್ಲಿ ಮಗುವಿನ ಅಂಗಿ ತೆಗೆಯುವುದನ್ನು ಹೊಸಬರಿಗೆ ತೋರಿಸುತ್ತಿದ್ದಳು. ಮೇಷ್ಟ್ರು ಎದ್ದುಹೋಗಿ ಪಕ್ಕದಲ್ಲಿ ನಿಂತರು.

"ಎಲ್ಲಿ ಕತ್ತರಿಸ್ಬೇಕು ಅಂತ ಹೇಗೆ ಗೊತ್ತಾಗುತ್ತಮ್ಮಾ?"

"ಮೊದಲು ಕಿಟಕಿಗೆ ಹಿಡಿದು ನೋಡ್ತೀನಿ. ಕಾಲರು, ಮೊಣಕೈ ತೆಳುವಾಗಿರುತ್ತೆ, ಅದನ್ನ ಬಿಡ್ತೀನಿ. ಬೆನ್ನು ಗಟ್ಟಿಯಾಗಿರುತ್ತೆ."

"ಇಷ್ಟು ಚೆನ್ನಾಗಿರೋ ಜೇಬು ಇದೆಯಲ್ಲ, ಇದು?"

"ಮಗೂಗೆ ಯಾಕೆ ಸಾರ್ ಅಷ್ಟು ದೊಡ್ಡ ಜೇಬು? ಯಾರಿಗೆ ಹೊಲೀತಿದೀವೋ ಅವರ ಮೈ ನೋಡ್ಬೇಕು. ಅಂಗಿ ಮೇಲಿನ ಪ್ರೀತಿ ನೋಡಿದ್ರೆ ಆಗಲ್ಲ."

ಮೇಷ್ಟ್ರು ಆ ಜೇಬಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ನಿಂತರು. ಹೊರಟಾಗ ಚಪ್ಪಲಿ ಮೆಟ್ಟುತ್ತ ನನಗೆ ಹೇಳಿದ್ದು ಇಷ್ಟೇ: "ನಾಳೆಯಿಂದ ಒಂದು ಯಂತ್ರ ನನಗೆ ಬೇಕು. ಇಲ್ಲೇ ಕೂತು ಕೆಲಸ ಮಾಡ್ತೀನಿ."

ನಿವೃತ್ತಿಯ ಹಿಂದಿನ ಆ ತಿಂಗಳುಗಳಲ್ಲಿ ರಜೆ ಸಿಕ್ಕಿದಾಗಲೆಲ್ಲ ಅವರು ಇಸ್ತ್ರಿ ಮೇಜಿನ ಪಕ್ಕ ಕೂತು ತಮ್ಮ ಡ್ರೈವರನ್ನು ಕತ್ತರಿಸಿದರು. ಪರದೆ ಹೊತ್ತಿಸುವುದು, ಬೆಳಕು ಹಿಡಿಯುವುದು, ಗೆರೆ ಎಳೆಯುವುದು, ಇಷ್ಟನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ತೆಗೆಯುತ್ತ ಬಂದರು. ತೆಗೆಯಬೇಕಾದದ್ದರಲ್ಲಿ ಅವರ ಹೆಸರನ್ನು ನಾಲ್ಕು ಕಡೆ ಕೇಳುವಂತೆ ಮಾಡಿದ್ದ ಭಾಗವೂ ಒಂದು. ಆ ಬಡ ಚಿಪ್ಪಿನ ಮೇಲೆ ಮೂರು ಆಯಾಮದ ಆಕೃತಿಗಳನ್ನು ತಡವರಿಸದೆ ತಿರುಗಿಸುವ ಕೋಡು ಅದು. ಚಿಪ್ಪು ಮಾಡಿದ ಕಂಪನಿಗೇ ಸಾಧ್ಯವಾಗದ್ದನ್ನು ಅವರು ಯೌವನದಲ್ಲಿ ಮಾಡಿ ತೋರಿಸಿದ್ದರು. ಅದನ್ನು ಅಳಿಸುವ ದಿನ ನಾನು ಪಕ್ಕದಲ್ಲಿದ್ದೆ. ತೆಗೆಯುವ ಮುನ್ನ ಒಮ್ಮೆ ಅದನ್ನು ಓಡಿಸಿದರು. ಪರದೆಯ ಮೇಲೆ ಒಂದು ಗಾಜಿನ ಹೂಜಿ ನಿಧಾನವಾಗಿ ತಿರುಗಿತು, ಬೆಳಕು ಅದರ ಕತ್ತಿನ ಮೇಲೆ ಜಾರಿತು. ಹೆಂಗಸರು ಹೊಲಿಗೆ ಬಿಟ್ಟು ಬಂದು ನಿಂತರು.

ತೆಗೆಯಬೇಡಿ ಎಂದು ಹಿಂದೆ ಕೂಗಾಡಿದವನು ನಾನೇ; ಆ ಹೊತ್ತು ಬೇರೆ ಕಾರಣಕ್ಕೆ ನನ್ನ ಬಾಯಿಂದ ಅದೇ ಮಾತು ಬಂತು.

"ಇದೊಂದನ್ನ ಉಳಿಸ್ಕೊಳ್ಳಿ ಮೇಷ್ಟ್ರೇ."

"ಇದು ಬೇಕಾಗಿರೋದು ನನಗೆ" ಎಂದರು ಅವರು. "ನಿಮ್ಮಕ್ಕನಿಗಲ್ಲ."

ಅಳಿಸಿದರು. ಎದ್ದುಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂತರು. ಅವರ ಬಗ್ಗೆ ನನಗಿರುವ ಗೌರವವನ್ನು ಬೇರೆ ಯಾವ ಮಾತಿನಲ್ಲೂ ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಉಳಿದ ಸಣ್ಣ ಡ್ರೈವರನ್ನು ಅವರು ಆ ಹಳೆಯ ವಿದ್ಯಾರ್ಥಿನಿಗೆ ಕಳುಹಿಸಿದರು. ಆಕೆ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು ಓದಲು ಕೂತು, ಮಧ್ಯಾಹ್ನ ಮಕ್ಕಳು ಮರಳುವುದರೊಳಗೆ ಪೂರ್ತಿ ಓದಿ ಮುಗಿಸಿದರಂತೆ. "ಇಷ್ಟನ್ನ ನಾನು ನೋಡ್ಕೊಳ್ತೀನಿ ಸರ್" ಎಂದರು. ನೋಡುವವರೊಬ್ಬರು ಸಿಕ್ಕಿದ್ದರಿಂದ ತಂಡವೂ ಒಪ್ಪಿತು. ದೊಡ್ಡದು ಹೋಯಿತು, ಸಣ್ಣದು ಉಳಿಯಿತು.

ಎಲ್ಲರಿಗೂ ಒಳ್ಳೆಯದಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದೇ ಯಂತ್ರಗಳಲ್ಲಿ ಆಟವಾಡುತ್ತಿದ್ದವರು, ಕಟ್ಟಡಗಳ ಮಾದರಿ ಕಟ್ಟುತ್ತಿದ್ದವರು ಕೈಬಿಟ್ಟುಹೋದರು. ದೂರಿನ ಪುಟದಲ್ಲಿ ಅವರು ಬರೆದದ್ದನ್ನು ಓದಿದ್ದೇನೆ. ನನ್ನ ಹಳೆಯ ಬೈಗುಳ ಅದರ ಮುಂದೆ ಏನೂ ಅಲ್ಲ. ಅವರ ಸಿಟ್ಟು ನ್ಯಾಯವಾದದ್ದು. ಮೇಷ್ಟ್ರು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರ ಬರೆದರು: ಇನ್ನು ನಡೆಯುವುದಿಲ್ಲ, ಯಾವಾಗಿನಿಂದ ನಡೆಯುವುದಿಲ್ಲ, ಅಷ್ಟರೊಳಗೆ ಏನು ಮಾಡಿಕೊಳ್ಳಬಹುದು. ಇಲ್ಲ ಎನ್ನುವುದನ್ನು ಇಷ್ಟು ಮರ್ಯಾದೆಯಿಂದ ಹೇಳಿದವರನ್ನು ನಾನು ಬೇರೆ ನೋಡಿಲ್ಲ. ಹೌದು ಎಂದು ಹೇಳಿ ನಾಪತ್ತೆಯಾದವರನ್ನು ಬೇಕಾದಷ್ಟು ನೋಡಿದ್ದೇನೆ.

ಬೇಸಿಗೆಯಲ್ಲಿ ಮೇಷ್ಟ್ರು ನಿವೃತ್ತರಾದರು. ಪ್ರಯೋಗಾಲಯದ ಬೀಗದ ಕೈ ಕೊಟ್ಟರು, ಡ್ರೈವರಿನ ಪುಟದಿಂದ ತಮ್ಮ ಹೆಸರನ್ನು ತಾವೇ ತೆಗೆದರು, ಇನ್ನು ನನ್ನನ್ನು ಏನೂ ಕೇಳಬೇಡಿ ಎಂದು ನಮಗೆಲ್ಲ ಖಡಾಖಂಡಿತವಾಗಿ ಹೇಳಿದರು. ಅವರ ಕೈ ತಾಗದ ಮೊದಲ ಆವೃತ್ತಿ ಕಳೆದ ತಿಂಗಳು ಬಂತು. ನಾನು ಅಕ್ಕನ ಶಾಲೆಗೆ ಹೋಗಿ ಒಂದೊಂದೇ ಯಂತ್ರಕ್ಕೆ ಹಾಕಿದೆ. ಹೆಂಗಸರು ಉಸಿರು ಬಿಗಿಹಿಡಿದು ಹಿಂದೆ ನಿಂತಿದ್ದರು. ಅಕ್ಕ ಮಾತ್ರ ಬಟ್ಟೆ ಮಡಿಸುತ್ತ, ನೋಡದವಳ ಹಾಗೆ ನೋಡುತ್ತಿದ್ದಳು. ಒಂದು ಹೊತ್ತಿತು. ಪಕ್ಕದ್ದು ಹೊತ್ತಿತು. ಸಾಲಿನ ಕೊನೆಯವರೆಗೆ ಎಲ್ಲವೂ ಹೊತ್ತಿದವು. ಗೆರೆ ಮೂಡಲು ಮೊದಲಿಗಿಂತ ಒಂದು ಚೂರು ತಡ. ಅದನ್ನು ಹೆಂಗಸರು ಮರುದಿನಕ್ಕೇ ಮರೆತರು.

ಮೇಷ್ಟ್ರಿಗೆ ನಾವು ಫೋನು ಮಾಡಲಿಲ್ಲ. ಕೇಳಬೇಡಿ ಎಂದಿದ್ದರಲ್ಲ, ಹೇಳುವುದೂ ಬೇಡವೆಂದುಕೊಂಡೆವು. ವಾರ ಕಳೆದ ಮೇಲೆ ಅವರದೇ ಫೋನು ಬಂತು. ನನ್ನ ಆರೋಗ್ಯ ಕೇಳಿದರು. ಹಿಂದೆಂದೂ ಕೇಳಿದವರಲ್ಲ. ಬಿಸಿಲು ಹೇಗಿದೆ ಎಂದರು. ಅಕ್ಕ ಹೇಗಿದ್ದಾರೆ ಎಂದರು. ಫೋನು ಮಾತ್ರ ಇಡಲಿಲ್ಲ.

"ಎಲ್ಲಾ ಹೊತ್ತಿದವು ಮೇಷ್ಟ್ರೇ" ಎಂದೆ.

"ನಾನು ಅದನ್ನ ಕೇಳಲಿಲ್ಲ" ಎಂದರು, ಬಿರುಸಾಗಿ. ಫೋನು ಇಟ್ಟರು. ಇಡುವ ಮೊದಲು ಅವರು ದೊಡ್ಡದಾಗಿ ಉಸಿರು ಬಿಟ್ಟದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಪೂಜ್ಯ ಮೇಷ್ಟ್ರಿಗೆ ಆಯುಷ್ಯ ಹೆಚ್ಚಲಿ, ಆರೋಗ್ಯ ಕೂಡಿಬರಲಿ ಎಂದು ಈ ಸಂಪುಟದಲ್ಲಿ ಎಲ್ಲರೂ ಹಾರೈಸಿದ್ದಾರೆ. ನಾನೂ ಮನಸಾರೆ ಹಾರೈಸುತ್ತೇನೆ. ಸುಮ್ಮನೆ ಕೂರುವ ಜೀವ ಅದಲ್ಲ, ಆದ್ದರಿಂದ ಕೈಗೆ ತಕ್ಕ ಹೊಸ ಕೆಲಸ ಅವರಿಗೆ ಸಿಗಲಿ. ಆದರೆ ನನ್ನ ದೊಡ್ಡ ಹಾರೈಕೆ ಬೇರೆ. ಅವರು ಕೇಳದೆಯೇ, ಅವರನ್ನು ಕೇಳದೆಯೇ, ನಮ್ಮ ಪರದೆಗಳು ಪ್ರತಿ ಬೆಳಿಗ್ಗೆ ಹೊತ್ತಿಕೊಳ್ಳುತ್ತಿರಲಿ. ಆ ಹೊತ್ತಿಗೆ ಅವರು ನಮ್ಮನ್ನು ಮರೆತು ನಿಶ್ಚಿಂತೆಯಿಂದ ನಿದ್ರಿಸುತ್ತಿರಲಿ.